ಹಗ್ಗ ಹಿಡಿದ ಬಾಂಗ್ ಚಿಕ್ಕಪ್ಪ

ಮೂವತ್ತು ವರ್ಷ ಹಾಂಗ್‌ಕಾಂಗಿನ ಸಿನಿಮಾ ವೀರರನ್ನೆಲ್ಲ ಆಕಾಶಕ್ಕೆ ಹಾರಿಸಿದವನು ಕ್ವೋಕ್ ಸಿಯು ಬಾಂಗ್, ಚಿತ್ರರಂಗದವರ ಬಾಯಲ್ಲಿ ಬಾಂಗ್ ಚಿಕ್ಕಪ್ಪ. ನಟರ ಸೊಂಟಕ್ಕೆ ಕಟ್ಟಿದ ತಂತಿಯ ಇನ್ನೊಂದು ತುದಿಯ ಹಗ್ಗ ಅವನ ಕೈಯಲ್ಲಿರುತ್ತಿತ್ತು. ಹಾರಿದವರಿಗೆ ಶಿಳ್ಳೆ ಬಿತ್ತು, ಎಳೆದವನಿಗೆ ಬೆನ್ನುನೋವು ಬಂತು. ಅದಕ್ಕವನು ಗೊಣಗಿದವನಲ್ಲ. ಆದರೆ ಎರಡು ವರ್ಷದಿಂದ ಹಗ್ಗ ಮುಟ್ಟದೆ, ಚಿತ್ರೀಕರಣದಲ್ಲಿ ಚಹಾ ಹಂಚುತ್ತಿದ್ದ.

ಕಾರಣ ಯಿಮ್ ಲೈ ಕಿಂಗ್, ನಾಯಕಿಯರ ಬದಲಿಗೆ ಜಿಗಿಯುವ ಹುಡುಗಿ. ಹೆಣವಾಗಿ ಮಲಗಿ ನಟಿಸಿದವರಿಗೆ ಅಪಶಕುನ ಕಳೆಯಲೆಂದು ಹಣವಿಟ್ಟ ಕೆಂಪು ಲಕೋಟೆ ಕೊಡುವುದು ಇಲ್ಲಿನ ಪದ್ಧತಿ. ಎರಡು ವರ್ಷದ ಹಿಂದೆ ಅವಳು ಹೆಣವಾಗಿ ಮಲಗಿದ ದಿನ ಗಡಿಬಿಡಿಯಲ್ಲಿ ಯಾರೂ ಕೊಡಲಿಲ್ಲ. ಮುಂದಿನ ಜಿಗಿತದಲ್ಲೇ ಬಿದ್ದು ಸೊಂಟ ಮುರಿದುಕೊಂಡಳು. ಲಕೋಟೆ ಕೊಡದ್ದರಿಂದಲೇ ಹೀಗಾಯಿತೆಂದು ಎಲ್ಲರೂ ತೀರ್ಪು ಕೊಟ್ಟರು. ಬಾಂಗ್ ತುಟಿ ಪಿಟಕ್ಕೆನ್ನಲಿಲ್ಲ. ಭಾರ ತಡೆಯಲು ಕಂಬಕ್ಕೆ ಒಂದು ಸುತ್ತು ಹಾಕಬೇಕಾದ ಹಗ್ಗವನ್ನು ಬರಿಗೈಯಲ್ಲೇ ಹಿಡಿದಿದ್ದವನು ಅವನೇ.

ಈಗ ಹೊಸ ಚಿತ್ರ. ಬಿಸಿಲು ಕಾಯಿಸಿಕೊಳ್ಳಲೂ ಪರವಾನಗಿ ಬೇಕಾದ ಮುಂದಿನ ಕಾಲದ ಊರಿನ ಕಥೆ. ಹಳೆಯ ಕಾರ್ಖಾನೆಯೊಳಗೆ ಹಗಲಲ್ಲೇ ಕಪ್ಪು ಬಟ್ಟೆ ಕಟ್ಟಿ ಕತ್ತಲು ಮಾಡಿದ್ದರು. ನೆಲದ ತುಂಬ ನೀರು, ನೀರಿನ ತುಂಬ ಗುಲಾಬಿ, ಹಸಿರು ದೀಪಗಳು. ಕಪ್ಪು ನಿಲುವಂಗಿಯ ಪೊಲೀಸರು ನಲವತ್ತು ಮಂದಿ, ಎಲ್ಲರ ಕೈಯಲ್ಲೂ ಕೆಂಪು ಕೊಡೆ. ಸರ್ವಾಧಿಕಾರಿಯ ಊರಾದರೂ ನೋಡಲು ಮದುವೆಮನೆ! ಬಿಸಿಲು ಕದ್ದ ನಾಯಕಿ ಮೂರನೇ ಅಂತಸ್ತಿನಿಂದ ಅವರ ನಡುವೆ ಧುಮುಕಬೇಕಿತ್ತು. ಗುಣವಾದ ಮೇಲೆ ಲೈ ಕಿಂಗ್‌ಗೆ ಇದೇ ಮೊದಲ ಜಿಗಿತ.

ಅವಳು ನೇರ ಚಹಾದ ಮೇಜಿಗೆ ಬಂದಳು.

"ಚಿಕ್ಕಪ್ಪಾ, ಕೆಟಲ್ ಕೆಳಗಿಡಿ. ಹಗ್ಗ ನೀವೇ ಹಿಡೀಬೇಕು."

"ತಲೆ ಕೆಟ್ಟಿದ್ಯಾ? ಗಟ್ಟಿಮುಟ್ಟಾದೋರು ನಾಲ್ಕು ಜನ ಇದಾರಲ್ಲ."

"ಬೆಳಿಗ್ಗೆಯಿಂದ ಎರಡು ಸಲ ಮೇಲೆ ಹತ್ತಿ ಇಳಿದೆ. ಜಿಗಿಯೋಕೆ ಧೈರ್ಯ ಬರ್ತಿಲ್ಲ. ಇವತ್ತು ಜಿಗೀದಿದ್ರೆ ನನ್ನನ್ನ ಇನ್ಯಾರೂ ಕರೆಯಲ್ಲ."

ಬಾಂಗ್ ಕೆಟಲ್ ಕೆಳಗಿಟ್ಟ. "ಅವತ್ತಿಂದು ಲಕೋಟೆ ತಪ್ಪಲ್ಲಮ್ಮಾ. ನನ್ನ ತಪ್ಪು. ಊಟಕ್ಕೆ ಬಿಡೋ ಆತುರದಲ್ಲಿ ಕಂಬಕ್ಕೆ ಸುತ್ತು ಹಾಕ್ಲಿಲ್ಲ."

ಅವಳು ಅವನ ಅಂಗೈಗಳನ್ನು ತಿರುಗಿಸಿ ನೋಡಿದಳು. ಎರಡರಲ್ಲೂ ಅಡ್ಡಕ್ಕೆ ಬಿಳಿಚಿಕೊಂಡ ಸುಟ್ಟ ಗಾಯದ ಕಲೆಯಿತ್ತು.

"ಹಗ್ಗ ಜಾರಿದ್ದು ಬೀಳೋವಾಗ್ಲೇ ಗೊತ್ತಾಯ್ತು. ನೀವು ಹಗ್ಗ ಬಿಟ್ಟಿದ್ರೆ ನಾನು ಸತ್ತೇ ಹೋಗ್ತಿದ್ದೆ. ಚರ್ಮ ಸುಲೀತಿದ್ರೂ ಬಿಡ್ಲಿಲ್ಲ. ಆದ್ರೆ ನೀವಾಗೇ ಬಂದು ಹೇಳ್ತೀರ ಅಂತ ಎರಡು ವರ್ಷ ಕಾದೆನಲ್ಲ! ಅದಕ್ಕೆ ಸಿಟ್ಟಿತ್ತು. ಈಗಲೂ ಒಂಚೂರು ಇದೆ. ಏಳಿ."

ಬಾಂಗ್ ಎದ್ದ. ಹಗ್ಗ ಕೈಗೆ ಬಂದಾಗ ಅವನಿಗೂ ಹೆದರಿಕೆಯಾಯಿತು. ಮೂರನೇ ಅಂತಸ್ತಿನ ಅಂಚಿನಲ್ಲಿ ಲೈ ಕಿಂಗ್ ಕಂಬಿ ಹಿಡಿದು ನಿಂತುಬಿಟ್ಟಿದ್ದಳು. ನಿರ್ದೇಶಕರು ಗಡಿಯಾರ ನೋಡತೊಡಗಿದರು. ಮತ್ತೊಬ್ಬ ಹುಡುಗಿಯ ಸೊಂಟಕ್ಕೆ ತಂತಿ ಕಟ್ಟಿ ಎಂದು ಯಾರೋ ಹೇಳಿದ್ದೂ ಕೇಳಿಸಿತು.

ಬಾಂಗ್ ನಲವತ್ತು ಕೊಡೆಗಳಿಗೂ ಕೇಳುವಂತೆ ಕೂಗಿದ: "ಲೈ ಕಿಂಗ್! ಅವತ್ತು ನಾನು ಸುತ್ತು ಹಾಕಿರ್ಲಿಲ್ಲ! ನಿನ್ನನ್ನ ಬೀಳಿಸಿದ್ದು ನಾನೇ! ಇವತ್ತು ಎರಡು ಸುತ್ತು ಹಾಕಿದೀನಿ ತಾಯಿ!"

ಲೈ ಕಿಂಗ್ ಕಂಬಿ ಬಿಟ್ಟಳು. ನಿರ್ದೇಶಕರು ಬಾಯಿ ತೆರೆಯುವ ಮುಂಚೆಯೇ ಜಿಗಿದಳು. ಅವಳ ಭಾರವೆಲ್ಲ ತೋಳಿಗೆ ಬಂತು. ಬಾಂಗ್ ಅಳುತ್ತಲೇ ಅವಳನ್ನು ಮೆಲ್ಲಗೆ ನೆಲಕ್ಕಿಳಿಸಿದ.