ಗೋಡೆ ದಾಟಿಸಿದ ಹುಲಿ

ಆಗಿನ್ನೂ ಶಹಾಬಾದಿನ ನಮ್ಮ ಓಣಿಯಲ್ಲಿ ಮನೆಮನೆಯ ನಡುವಿನ ಗೋಡೆಗಳು ಹೆಂಗಸರ ಎದೆಮಟ್ಟಕ್ಕೆ ಇದ್ದವು. ಫರಸಿ ಕಲ್ಲಿನ ಚಪ್ಪಡಿ ನೆಟ್ಟಗೆ ನಿಲ್ಲಿಸಿದ ಗೋಡೆ. ಅದರ ಮೇಲಿಂದ ಮಜ್ಜಿಗೆ ಹೋಗುತ್ತಿತ್ತು, ಹೆಪ್ಪು ಬರುತ್ತಿತ್ತು, ಹಟ ಹಿಡಿದ ಮಕ್ಕಳೂ ಹೋಗಿಬರುತ್ತಿದ್ದವು. 'ಈಗಿನ ಮಕ್ಕಳೇ ಹೀಗೆ, ಕಡಿಯುತ್ತವೆ, ಒದೆಯುತ್ತವೆ' ಅನ್ನುವವರು ಸಿಕ್ಕರೆ ನನಗೇ ಅವರನ್ನು ಕಡಿಯಬೇಕೆನಿಸುತ್ತದೆ. ಮಕ್ಕಳು ಆಗಲೂ ಕಡಿಯುತ್ತಿದ್ದವು.

ನನಗೆ ನಾಲ್ಕು ವರ್ಷವಿದ್ದಾಗ ತಮ್ಮ ಹುಟ್ಟಿದ. ಅವ್ವನ ಕೋಣೆಯಿಂದ ಬಜೆ, ಲೋಬಾನದ ವಾಸನೆ ಬರುತ್ತಿತ್ತು. ನನ್ನನ್ನು ಒಳಗೆ ಬಿಡುತ್ತಿರಲಿಲ್ಲ. ಅಜ್ಜಿಯ ಕೈ ಕಡಿದೆ, ಗಜಗ ಆಡಲು ಬಂದ ಹುಡುಗಿಯ ಬೆರಳು ಕಡಿದೆ. ಅಜ್ಜಿ ಬೈಯಲಿಲ್ಲ. ಎತ್ತಿ ಗೋಡೆಯ ಮೇಲೆ ಕೂಡಿಸಿ ಆಚೆ ಮನೆಗೆ ಕೂಗಿದಳು.

"ಏ ಜುಬೇದಾ, ಇವತ್ತ ನಮ್ಮ ಹುಲಿಗಿ ಭಾಳ ಸಿಟ್ಟು ಬಂದದ. ಸಂಜೀತನ ಇಟ್ಕೊ ಯವ್ವಾ."

"ಕೊಡ್ರಿ ಅವ್ವಾರ, ನಮ್ಮನ್ಯಾಗ ಹುಲಿ ಇದ್ದಿಲ್ಲ."

ರೊಟ್ಟಿ ಬಡಿಯುತ್ತಿದ್ದ ಜುಬೇದಾಳನ್ನು ನಾನು ಖಾಲಾ, ಚಿಕ್ಕಮ್ಮ, ಎನ್ನುತ್ತಿದ್ದೆ. ಅವಳ ಮಣಿಕಟ್ಟನ್ನೂ ಕಡಿದೆ. ಅವಳು ಕೈ ತಿರುವಿ ನೋಡಿದಳು. "ಹಲ್ಲು ಛಲೋ ಅವ. ಆದ್ರ ನನ್ನ ಕೈಯಾಗ ಉಪ್ಪಿಲ್ಲ. ಇದನ್ನ ಕಡಿ" ಎಂದು ಬಿಸಿ ರೊಟ್ಟಿಗೆ ಶೇಂಗಾ ಹಿಂಡಿಯ ಚಟ್ನಿ ಸವರಿ ಕೊಟ್ಟಳು. ಆಮೇಲೆ ಒಂದು ಉಂಡೆ ಹಿಟ್ಟು. ಅದನ್ನು ಕಲ್ಲಿನ ಮೇಲೆ ಬಡಿದು ಬಡಿದು ಅತ್ತೆ.

ಸಂಜೆ ಗೋಡೆಯ ಮೇಲಿಂದ ನನ್ನನ್ನು ಮರಳಿಸುತ್ತ ಖಾಲಾ ಅಜ್ಜಿಗೆ ಹೇಳಿದಳು: "ಇವಂಗ ಅವ್ವ ಬೇಕಾಗ್ಯಾಳ. ಒಳಗ ಬಿಡ್ರಿ. ಕಡದ್ರ ನನ್ನ ಕೇಳ್ರಿ."

ಅಂದಿನಿಂದ ಅವ್ವನ ಮಗ್ಗುಲಲ್ಲಿ ಮಲಗಿದೆ. ಮತ್ತೆ ಕಡಿಯಲಿಲ್ಲ.

ಈಗ ನನ್ನ ಮೊಮ್ಮಗನಿಗೆ ನಾಲ್ಕು. ಸೊಸೆ ಬಾಣಂತನಕ್ಕೆ ಸೇಡಂನ ತವರಿನಲ್ಲಿದ್ದಾಳೆ. ನರ್ಸರಿ ತಪ್ಪಬಾರದೆಂದು ಹುಡುಗನನ್ನು ಇಲ್ಲೇ ಉಳಿಸಿಕೊಂಡೆವು. ನರ್ಸರಿಯಲ್ಲಿ ಯಾರನ್ನೋ ಕಡಿದ. ಗೇಟಿನಲ್ಲಿ, ಅವನ ಎದುರಿಗೇ, ಮಿಸ್ ಹೇಳಿದಳು: "ಬ್ಯಾರೆ ಪೇರೆಂಟ್ಸ್ ಒಪ್ಪವಲ್ಲರ್ರಿ. ಸುಧಾರಿಸೋತನ ಕಳಸಬ್ಯಾಡ್ರಿ."

"ಯಾಕ ಕಡದ ಅಂತ ಕೇಳೀರೇನು?"

"ಇಷ್ಟು ಮಂದಿ ಅದಾರ್ರಿ, ಯಾರ್ಯಾರನ್ನ ಕೇಳ್ಲಿ?"

ಯಾವ ಶಾಲೆಗಾಗಿ ಅವನನ್ನು ಅವ್ವನಿಂದ ಬಿಡಿಸಿದೆವೋ ಅದೇ ಶಾಲೆ ಆಚೆ ಹಾಕಿತು. ಬೀದಿಯಲ್ಲೇ ಬಾಯಿ ಮಾಡಿದೆ. ಗೇಟು ಮುಚ್ಚಿಕೊಂಡಿತು.

ಸಂಜೆ ಅವನು ಹಿತ್ತಲಲ್ಲಿ ಬಿದ್ದು ಹೊರಳಾಡಿ ಅತ್ತ. ನನಗೇ ತಿಳಿಯದೆ ಅವನನ್ನು ಎತ್ತಿಕೊಂಡು ಗೋಡೆಯ ಹತ್ತಿರ ಹೋದೆ. ಅದೀಗ ಆಳೆತ್ತರ ಮೀರಿದೆ. ತುದಿಗೆ ಗಾಜಿನ ಚೂರು. ಎರಡೂ ಮನೆಯವರು ಕೂಡಿಯೇ ಎತ್ತರಿಸಿದ್ದು. ಆಚೆ ಖಾಲಾನ ಮರಿಮಗಳು ಅಳುತ್ತಿದ್ದಳು. ಯಾರೋ ಟಿವಿಯ ಸದ್ದು ಏರಿಸಿದರು.

ಮೊಮ್ಮಗ ಅಳು ನಿಲ್ಲಿಸಿ ಕಿವಿಗೊಟ್ಟ. "ಮುತ್ಯಾ, ಅಕಿಗಿ ಯಾರ್ ಬೇಕಾಗ್ಯಾರ?"

ಅವನನ್ನೇನೋ ಮರುದಿನ ಮೊದಲ ಬಸ್ಸಿಗೆ ಸೇಡಂಗೆ ಒಯ್ದು ಅವನ ಅವ್ವನ ಮಗ್ಗುಲಿಗೆ ಬಿಟ್ಟುಬಂದೆ. ಆಚೆಯ ಕೂಸು ಇವತ್ತೂ ಅಳುತ್ತಿದೆ. 'ಇತ್ತ ಕೊಡ್ರಿ' ಅನ್ನಲು ಈ ಗೋಡೆಯಲ್ಲಿ ಜಾಗ ಎಲ್ಲಿದೆ?