ಅತ್ತೆಯ ತೋಳಿನ ಗುಂಡಿ

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟವಳು ನಾನು. ದೊಡ್ಡ ಮಾತುಗಳು ನನಗೆ ಬರುವುದಿಲ್ಲ, ಬಂದರೂ ಅವನ್ನು ಎಲ್ಲಿ ಇಡಬೇಕೆಂದು ತಿಳಿಯುವುದಿಲ್ಲ. ಕಾನೂನು ನೆರವು ಕೇಂದ್ರದ ವಕೀಲಮ್ಮ ತಮ್ಮಲ್ಲಿಗೆ ಬರುವವರು ಓದಲೆಂದು ಒಂದು ಪುಸ್ತಕ ಮಾಡಿಸುತ್ತಿದ್ದಾರೆ. "ನಿಮ್ಮತ್ತೆ ವಿಷಯ ನೀನೇ ಬರಿ. ನಾನು ಬರೆದ್ರೆ ಅರ್ಜಿ ಥರ ಇರತ್ತೆ" ಎಂದರು. ಅದಕ್ಕೆ ಬರೆಯುತ್ತಿದ್ದೇನೆ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಬೇಕು.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಬೀದಿಯವರೆಲ್ಲ ಅವಳನ್ನು ಗರಿ ಅತ್ತೆ ಎನ್ನುತ್ತಾರೆ. ಅವಳ ಬಟ್ಟೆ ಯಾವಾಗಲೂ ಗರಿಗರಿಯಾಗಿರುತ್ತಿತ್ತು, ಮಾತೂ ಅಷ್ಟೇ. ನನಗಿಂತ ಚಿಕ್ಕ ವಯಸ್ಸಿನಲ್ಲೇ ದೊಡ್ಡ ಲಾಂಡ್ರಿಯೊಂದರ ಇಸ್ತ್ರಿ ಕೋಣೆ ಸೇರಿದವಳು. ಆ ಕೋಣೆಗೆ ಕಿಟಕಿ ಇರಲಿಲ್ಲ. ಒದ್ದೆ ಬಟ್ಟೆಯ ಹಬೆಗೆ ಗೋಡೆಯ ಸುಣ್ಣ ಉಬ್ಬಿ ಉದುರುತ್ತಿತ್ತು. ಅಲ್ಲಿ ನಿಂತು ಅವಳು ಊರಿನ ಅರ್ಧ ಜನರ ಅಂಗಿಗಳನ್ನು ನೆಟ್ಟಗೆ ಮಾಡಿದ್ದಾಳೆ. ಜನರನ್ನು ಗುರುತಿಸುವುದೂ ಅಂಗಿಯಿಂದಲೇ. "ಅವನಾ? ಒಳ್ಳೆಯವನು, ಆದ್ರೆ ಬೆವರ್ತಾನೆ" ಎನ್ನುತ್ತಿದ್ದಳು. ಯಾಕೆ ಮದುವೆಯಾಗಲಿಲ್ಲ ಎಂದು ಒಮ್ಮೆ ಕೇಳಿದೆ. "ನೋಡೋಕೆ ಬಂದವ್ರ ಕಾಲರ್ ನೋಡಿದ್ರೇ ಸಾಕಾಗಿಬಿಡ್ತಿತ್ತು ಪುಟ್ಟಿ" ಎಂದಳು.

ಅತ್ತೆ ನಮ್ಮ ಮನೆಯ ಮಹಡಿಯ ಒಂದೇ ಕೋಣೆಯಲ್ಲಿ ಬಾಡಿಗೆಗೆ ಇದ್ದಾಳೆ. ಮನೆ ನಮ್ಮದಲ್ಲ. ಕೆಳಗೆ ನಾವೂ ಬಾಡಿಗೆಯವರೇ. ತಮ್ಮನ ಮನೆಯಲ್ಲಿ ಬಿಟ್ಟಿ ಇರಬಾರದೆಂದು ಅವಳು ಹಟ ಹಿಡಿದು ಆ ಕೋಣೆ ತೆಗೆದುಕೊಂಡಳು. ನನಗೂ ಅದೇ ಒಳ್ಳೆಯದಾಯಿತು. ಅವಳು ಕೆಳಗೆ ಬಂದರೆ ಮಲಗಬೇಕಾದದ್ದು ನನ್ನ ಮಂಚದಲ್ಲಿ, ಮತ್ತು ನಾನು ಮುದುಡಿ ಮಲಗುವವಳು; ನನ್ನನ್ನೂ ಎಳೆದು ನೆಟ್ಟಗೆ ಮಾಡುತ್ತಿದ್ದಳು.

ಕೈ ಕೆಟ್ಟದ್ದು ಹೀಗೆ. ಕತ್ತಿನ ಹತ್ತಿರದ ಒಂದು ನರ ಒತ್ತಿಹೋಗಿ ಬಲಗೈ ಮೆಲ್ಲಗೆ ಜೋಮು ಹಿಡಿಯಲು ಶುರುವಾಗಿತ್ತು. ಅವಳು ಯಾರಿಗೂ ಹೇಳಲಿಲ್ಲ. ಒಂದು ದಿನ ಇಸ್ತ್ರಿ ಕೋಣೆಯಲ್ಲಿ ಸುಟ್ಟ ವಾಸನೆ ಬಂತು. ಅತ್ತೆ ಎಲ್ಲರನ್ನೂ ಬೈದಳಂತೆ: "ಯಾರ್ರೀ ಅದು, ಮೂಗಿಲ್ವಾ ನಿಮಗೆ? ಯಾವ್ದೋ ಉರೀತಿದೆ ನೋಡಿ!" ಉರಿಯುತ್ತಿದ್ದದ್ದು ಅವಳದೇ ಅಂಗೈ. ಇಸ್ತ್ರಿ ಪೆಟ್ಟಿಗೆಯ ಅಂಚಿಗೆ ತಾಗಿಕೊಂಡಿತ್ತು, ಅವಳಿಗೆ ಗೊತ್ತೇ ಆಗಿರಲಿಲ್ಲ. ಲಾಂಡ್ರಿಯ ಯಜಮಾನರು ಬಹಳ ಮರ್ಯಾದೆಯಿಂದ "ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಿ ಅಕ್ಕ" ಎಂದರು. ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ.

ಆಮೇಲೆ ಬೆಳಗಿನ ಕೆಲಸ ನನ್ನದಾಯಿತು. ಶಾಲೆ ಬಿಟ್ಟು ಮನೆಯಲ್ಲಿದ್ದೆನಲ್ಲ. ಮೇಲೆ ಹೋಗಿ ಅವಳ ತಲೆ ಬಾಚುತ್ತಿದ್ದೆ, ಇಸ್ತ್ರಿ ಕೋಣೆಯ ಅಭ್ಯಾಸಕ್ಕೆ ಸೀರೆಯ ಮೇಲೆ ತೊಡುತ್ತಿದ್ದ ಅಂಗಿಯ ಗುಂಡಿ ಹಾಕುತ್ತಿದ್ದೆ, ಡಬ್ಬಿಗಳ ಮುಚ್ಚಳ ಸಡಿಲ ಮಾಡಿಟ್ಟು ಬರುತ್ತಿದ್ದೆ. ಅವಳ ಬಟ್ಟೆಗೆ ಇಸ್ತ್ರಿಯೂ ನಾನೇ. ಪಕ್ಕದಲ್ಲಿ ನಿಂತು "ಅಂಚು ಎಳಿ, ಎಳಿ, ಅದೇನು ಮಗೂನ ಸವರ್ತಿದ್ದೀಯಾ?" ಎನ್ನುತ್ತಿದ್ದಳು. ಹೊರಗೆ ಹೋದಾಗ ಯಾರಾದರೂ ಹೊಗಳಿದರೆ ಮಾತ್ರ ಇಸ್ತ್ರಿ ಅವಳದು. ಅಪ್ಪ ನಗುತ್ತಿದ್ದರು: "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಅದು ನಮ್ಮಕ್ಕನ್ನ ನೋಡೇ ಹೇಳಿದ್ದು."

ಕೂಡಿಟ್ಟದ್ದು ಕರಗುತ್ತಾ ಬಂತು. ಬಾಡಿಗೆ ಕಟ್ಟದಿದ್ದರೆ ಕೋಣೆ ಬಿಡಬೇಕು. ಅಪ್ಪ ಓಡಾಡಿ ಅಂಗವಿಕಲರ ಭತ್ಯೆಗೆ ಅರ್ಜಿ ಹಾಕಿಸಿದರು. ಅತ್ತೆಗೆ ಆ ಹೆಸರೇ ಹಿಡಿಸಲಿಲ್ಲ. ಆದರೂ ತಪಾಸಣೆಯ ದಿನ ಬಂದಾಗ ಅಲಮಾರಿಯಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯ ತುಂಬುತೋಳಿನ ಅಂಗಿ ತೆಗೆಸಿದಳು. ಇಸ್ತ್ರಿ ಸರಿಯಾಗಲಿಲ್ಲವೆಂದು ನನ್ನ ಕೈಯಲ್ಲಿ ಮತ್ತೆ ನೀರು ಚಿಮುಕಿಸಿ ಮತ್ತೆ ಮಾಡಿಸಿದಳು. ಡಾಕ್ಟರ ಕೋಣೆಗೆ ನನ್ನನ್ನು ಬಿಡಲಿಲ್ಲ. "ನಾನೇನು ಚಿಕ್ಕ ಮಗುವಾ? ಇಲ್ಲೇ ಕೂತಿರು" ಎಂದಳು.

ಒಳಗೆ ನಡೆದದ್ದು ಅವಳೇ ಹೇಳಿದ್ದು. ಡಾಕ್ಟರು ಬಟ್ಟೆ ಹಾಕಿಕೊಳ್ಳುತ್ತೀರಾ ಎಂದು ಕೇಳಿದರು. "ಹಾಕ್ಕೊಂಡೇ ಬಂದಿದೀನಲ್ಲ ಸಾರ್." ಅಡುಗೆ? "ಊಟ ಮಾಡೇ ಬಂದೆ." ಇಸ್ತ್ರಿ ಚೆನ್ನಾಗಿದೆ, ನೀವೇ ಮಾಡಿದ್ದಾ? "ಮತ್ತೆ ಇನ್ಯಾರು!"

ಡಾಕ್ಟರು ಕೇಳಿಸಿಕೊಂಡದ್ದನ್ನೇ ಬರೆದರು. ಉಡುಪು ಅಚ್ಚುಕಟ್ಟು, ತಲೆ ಬಾಚಿದೆ, ದಿನದ ಕೆಲಸಗಳನ್ನು ಸ್ವತಃ ಮಾಡಿಕೊಳ್ಳುತ್ತಾರೆ. ಆ ವರದಿ ಮನೆಗೆ ಬಂದ ದಿನ ಅತ್ತೆ ಅಚ್ಚುಕಟ್ಟು ಎಂಬ ಮಾತನ್ನು ನನ್ನಿಂದ ಜೋರಾಗಿ ಓದಿಸಿದಳು. ಕೆಳಗಿನ ಸಾಲಿನಲ್ಲಿ ಭತ್ಯೆ ಇಲ್ಲ ಎಂದಿತ್ತು. ಅದನ್ನು ಅಪ್ಪ ಮೆತ್ತಗೆ ಓದಿದರು.

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಅಕ್ಕ? ಕೈ ತೋರಿಸಿದ್ರೆ ಸಾಕಾಗಿತ್ತು" ಎಂದರು ಅಪ್ಪ.

"ಕೇಳ್ಲಿಲ್ಲ, ತೋರಿಸ್ಲಿಲ್ಲ" ಎಂದಳು ಅತ್ತೆ.

ಹಾಗೆ ನಾವು ಕಾನೂನು ನೆರವು ಕೇಂದ್ರಕ್ಕೆ ಹೋದದ್ದು. ಒಂದು ಹಳೆಯ ಅಂಗಡಿಯ ಹಿಂಭಾಗ, ಮೂರು ಮೇಜು, ಗೋಡೆಯುದ್ದಕ್ಕೂ ಕಡತ. ವಕೀಲಮ್ಮ ವಯಸ್ಸಿನಲ್ಲಿ ಚಿಕ್ಕವರು. ಅವರ ಕರಿಕೋಟು ಕುರ್ಚಿಯ ಬೆನ್ನಿಗೆ ನೇತಾಡಿ ನೇತಾಡಿ ಕುರ್ಚಿಯ ಆಕಾರವನ್ನೇ ಪಡೆದಿತ್ತು. ಅತ್ತೆಯ ಕಣ್ಣು ಅದರ ಮೇಲಿಂದ ಕದಲಲಿಲ್ಲ. ಹೊರಗೆ ಬಂದ ಮೇಲೆ, "ತನ್ನ ಕೋಟೇ ನೆಟ್ಟಗಿಟ್ಕೊಳ್ಳದವ್ಳು ನನ್ನ ಕೇಸು ನೆಟ್ಟಗೆ ಮಾಡ್ತಾಳಾ?" ಎಂದಳು.

ಆದರೆ ವಕೀಲಮ್ಮ ಸುಲಭಕ್ಕೆ ಬಿಡುವವರಲ್ಲ.

"ಅಮ್ಮಾ, ಬೆಳಿಗ್ಗೆ ಎದ್ದ ಮೇಲೆ ಏನೇನು ಕಷ್ಟ ಆಗತ್ತೆ, ಹೇಳಿ."

"ಕಷ್ಟ ಯಾರಿಗಿಲ್ಲ ಹೇಳಿ ಮೇಡಂ."

"ನಿಮ್ಮದು ಹೇಳಿ."

"ನಂದೇನಿದೆ? ಚೆನ್ನಾಗಿದೀನಿ."

"ಚೆನ್ನಾಗಿದ್ರೆ ಇಲ್ಲಿಗ್ಯಾಕೆ ಬಂದ್ರಿ?"

"ತಮ್ಮ ಕರ್ಕೊಂಡು ಬಂದ."

ವಕೀಲಮ್ಮ ಪೆನ್ನು ಕೆಳಗಿಟ್ಟು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅವರಿಗೆ ಅಷ್ಟರಲ್ಲೇ ಅರ್ಥವಾಗಿರಬೇಕು. ಮೇಲ್ಮನವಿ ಹಾಕಿದರು, ನರದ ಡಾಕ್ಟರಿಂದ ಚೀಟಿ ತರಿಸಿದರು, ವಿಚಾರಣೆಯ ದಿನ ಗೊತ್ತಾದಾಗ ನಮಗೆ ಎರಡು ಮಾತು ಹೇಳಿದರು. ಒಂದು, ಅವತ್ತು ಅತ್ತೆ ಯಾರ ಸಹಾಯವೂ ಇಲ್ಲದೆ ತಯಾರಾಗಿ, ಹೇಗಾಗುತ್ತದೋ ಹಾಗೇ ಬರಬೇಕು. ಇನ್ನೊಂದು, ನಾನು ಸಾಕ್ಷಿ ಹೇಳಬೇಕು.

"ನಾನಾ?" ಎಂದೆ.

"ನೀನಲ್ದೆ ಯಾರು? ದಿನಾ ನೋಡೋಳು ನೀನು."

ತರಗತಿಯಲ್ಲಿ ಹಾಜರಿ ಕೂಗಿದರೆ ಹೂಂ ಎನ್ನಲೂ ಬಾಯಿ ಬಾರದೆ ಎಷ್ಟೋ ದಿನ ಗೈರಾದವಳು ನಾನು.

ವಿಚಾರಣೆಯ ಬೆಳಿಗ್ಗೆ ಮಹಡಿಯ ಮೆಟ್ಟಿಲ ಮೇಲೆ ಕೂತು ಕಾದೆ. ಒಳಗೆ ಬಾಚಣಿಗೆ ಬಿದ್ದ ಸದ್ದು. ಮತ್ತೆ ಬಿದ್ದ ಸದ್ದು. "ಎಲ್ಲಿಗೆ ಓಡ್ತೀಯ, ನಿಲ್ಲು" ಎಂದು ಅತ್ತೆ ಯಾವುದಕ್ಕೋ ಗದರುತ್ತಿದ್ದಳು. ಬಾಗಿಲು ತೆರೆದಾಗ ನನಗೆ ನೋಡಲಾಗಲಿಲ್ಲ. ಗುಂಡಿಗಳು ಒಂದೊಂದು ತೂತು ತಪ್ಪಿ ಅಂಗಿಯ ಒಂದು ಮಗ್ಗುಲು ಮೇಲೇರಿತ್ತು. ಎಡತೋಳು ಗುಂಡಿ ಹಾಕದೆ ಜೋಲುತ್ತಿತ್ತು. ಕೂದಲು ಒಂದು ಕಡೆ ಮಾತ್ರ ಅಂಟಿತ್ತು. ನನ್ನ ಕೈ ತಾನಾಗಿ ಮುಂದೆ ಹೋಯಿತು.

"ಮುಟ್ಟಬೇಡ ಅಂದಿಲ್ವಾ ನಿನ್ನ ವಕೀಲಮ್ಮ?" ಎಂದಳು ಅತ್ತೆ.

ಬೀದಿಯ ತುದಿಯಲ್ಲಿ ದಿನಸಿ ಅಂಗಡಿಯವರು ತಕ್ಕಡಿ ಬಿಟ್ಟು ಎದ್ದು ಬಂದರು. "ಏನಕ್ಕಾ, ಹುಷಾರಿಲ್ವಾ?"

"ಕೇಸಿಗೆ ಹೊರಟಿದೀನಿ. ಅಲ್ಲಿಗೆ ಹೀಗೇ ಹೋಗ್ಬೇಕಂತೆ, ಕಾನೂನು" ಎಂದು ತಲೆಯೆತ್ತಿ ನಡೆದಳು.

ವಿಚಾರಣೆಯ ಕಚೇರಿ ಎರಡನೇ ಮಹಡಿಯಲ್ಲಿತ್ತು. ಲಿಫ್ಟಿನ ಬಾಗಿಲಿಗೆ ಕೆಟ್ಟಿದೆ ಎಂಬ ಹಲಗೆ. ಆ ಹಲಗೆಗೂ ವಯಸ್ಸಾಗಿತ್ತು. ಹತ್ತಿ ಬಂದವರೆಲ್ಲ ಬೆಂಚುಗಳ ಮೇಲೆ ಏದುಸಿರು ಬಿಡುತ್ತ, ತಮಗೆ ಹತ್ತಲಾಗುವುದಿಲ್ಲ ಎಂದು ಹೇಳುವ ಸರದಿಗಾಗಿ ಕಾಯುತ್ತಿದ್ದರು. ವಕೀಲಮ್ಮ ಅತ್ತೆಯನ್ನು ನೋಡಿ, ಪಾಪ ಎನ್ನಿಸಿದರೂ, ಸಮಾಧಾನದಿಂದ ತಲೆಯಾಡಿಸಿದರು. ಆಮೇಲೆ ನಾನು ಏನು ಹೇಳಬೇಕೆಂದು ತಿಳಿಸಲು ನನ್ನನ್ನು ಮೂಲೆಗೆ ಕರೆದುಕೊಂಡು ಹೋದರು. "ಕಥೆ ಬೇಡ, ಕಣ್ಣೀರು ಬೇಡ. ದಿನಾ ಏನ್ ಮಾಡ್ತೀಯೋ ಅಷ್ಟೇ ಹೇಳು."

ವಾಪಸು ಬಂದಾಗ ಅತ್ತೆ ಗರಿಗರಿಯಾಗಿ ಕೂತಿದ್ದಳು. ಗುಂಡಿಗಳೆಲ್ಲ ತಮ್ಮ ತಮ್ಮ ತೂತಿನಲ್ಲಿ, ಎರಡೂ ತೋಳಿನವೂ ಸೇರಿ. ತಲೆ ನುಣ್ಣಗೆ. ಪಕ್ಕದಲ್ಲಿ ತನ್ನ ಸರದಿಗೆ ಕಾಯುತ್ತಿದ್ದ ಊರುಗೋಲಿನ ಹೆಂಗಸು ಬಾಚಣಿಗೆಯನ್ನು ಚೀಲಕ್ಕೆ ಹಾಕುತ್ತಿದ್ದಳು.

"ಅಯ್ಯೋ ಅಮ್ಮಾ!" ಎಂದರು ವಕೀಲಮ್ಮ.

"ದೊಡ್ಡವ್ರ ಮುಂದೆ ಹಾಗೇ ಹೋಗೋಕಾಗತ್ತಾ? ನನ್ನ ಮರ್ಯಾದೆ ಬಿಡಿ, ನಿಮ್ಮ ಮರ್ಯಾದೆ ಏನಾಗ್ಬೇಕು?" ಎಂದು ಅತ್ತೆ ಎದ್ದು ಎಡಗೈಯಿಂದ ವಕೀಲಮ್ಮನ ಕೋಟಿನ ಕಾಲರನ್ನೂ ಒಂದು ಸಲ ಎಳೆದು ಸರಿಮಾಡಿದಳು. ಅಷ್ಟರಲ್ಲಿ ಜವಾನ ನಮ್ಮನ್ನು ಕೂಗಿದ.

ಉದ್ದ ಮೇಜಿನ ಆಚೆ ಮಂಡಳಿಯ ಅಧ್ಯಕ್ಷರು, ಒಬ್ಬ ಡಾಕ್ಟರಮ್ಮ. ಮೇಲೆ ಫ್ಯಾನು ತಿರುಗುತ್ತಿತ್ತು, ಕಾಗದಗಳ ಮೇಲೆ ಕಲ್ಲು ಇಟ್ಟಿದ್ದರು. ಅಧ್ಯಕ್ಷರು ಕನ್ನಡಕ ಏರಿಸಿ, "ಅರ್ಜಿದಾರರು ನೀವೇನಾ? ನೋಡೋಕೆ ಚೆನ್ನಾಗೇ ಇದ್ದೀರಲ್ಲಮ್ಮ" ಎಂದರು.

"ನಿಮ್ಮ ಆಶೀರ್ವಾದ" ಎಂದಳು ಅತ್ತೆ.

ವಕೀಲಮ್ಮ ನೀರು ಕುಡಿದರು. ಕಾಗದಗಳನ್ನು ತೋರಿಸಿದರು, ನರದ ವಿಷಯ ಹೇಳಿದರು. ಅಧ್ಯಕ್ಷರು ಒಮ್ಮೆ ಕಾಗದ, ಒಮ್ಮೆ ಅತ್ತೆಯ ಕಾಲರ್ ನೋಡುತ್ತಿದ್ದರು. ಕಾಲರ್ ಗೆಲ್ಲುತ್ತಿತ್ತು. ಆಗ ವಕೀಲಮ್ಮ ನನ್ನನ್ನು ಎದ್ದು ನಿಲ್ಲಿಸಿದರು.

ನಾನು ಹೇಳಿದೆ. ಮೊದಲನೆಯ ಸಲ ಯಾರಿಗೂ ಕೇಳಲಿಲ್ಲ, ಎರಡನೆಯ ಸಲ ಹೇಳಿದೆ. ಬೆಳಿಗ್ಗೆ ತಲೆ ನಾನು ಬಾಚುತ್ತೇನೆ. ಗುಂಡಿ ನಾನು ಹಾಕುತ್ತೇನೆ. ಅತ್ತೆ ಬಿಸಿ ಪಾತ್ರೆ ಮುಟ್ಟಿದರೆ ಅವಳಿಗೆ ಗೊತ್ತಾಗುವುದಿಲ್ಲ, ಅದಕ್ಕೆ ಒಲೆ ನಾನೇ ಹಚ್ಚಿ ನಾನೇ ಆರಿಸುತ್ತೇನೆ. ಸ್ನಾನದ ನೀರು ನಾನು ಮುಟ್ಟಿ ನೋಡಿ ಕೊಡುತ್ತೇನೆ. ಡಾಕ್ಟರ ಮುಂದೆ ಅತ್ತೆ ತನ್ನದೆಂದು ಹೇಳಿದ ಇಸ್ತ್ರಿಯೂ ನಾನು ಮಾಡಿದ್ದು. ಹೇಳುವಾಗ ಅತ್ತೆಯ ಕಡೆ ನೋಡಲಿಲ್ಲ. ಒಂದೊಂದು ಮಾತಿಗೂ ಅವಳ ಮೈಮೇಲಿಂದ ಒಂದೊಂದು ಬಟ್ಟೆ ಕಳಚುತ್ತಿದ್ದೇನೆ ಅನ್ನಿಸುತ್ತಿತ್ತು.

"ಸುಳ್ಳು ಸಾರ್!" ಎಂದು ಅತ್ತೆ ಎದ್ದು ನಿಂತಳು. "ಇದಿನ್ನೂ ಮಗು, ಇದ್ರ ಮಾತು ಕಟ್ಕೊಂಡು... ಗುಂಡಿ ಹಾಕೋದೂ ಒಂದು ಕೆಲ್ಸಾನಾ? ನೋಡಿ, ನೋಡಿ ನೀವೇ!"

ಎಡತೋಳಿನ ಅಂಚನ್ನು ಮೇಜಿನ ಮೂಲೆಗೆ ಸಿಕ್ಕಿಸಿ ಜಗ್ಗಿದಳು. ಗುಂಡಿ ಬಿಚ್ಚಿಕೊಂಡಿತು. ಬಲಗೈ ಬೆರಳುಗಳಿಂದ ಅದನ್ನು ಹಿಡಿದಳು. ಗುಂಡಿ ಬೆರಳ ನಡುವೆಯೇ ಇತ್ತು, ಬೆರಳಿಗೆ ಮಾತ್ರ ಅದು ಗೊತ್ತಿರಲಿಲ್ಲ. ಜಾರಿತು. ಮತ್ತೆ ಹಿಡಿದಳು, ತೂತಿನ ಹತ್ತಿರ ತಂದಳು, ಮತ್ತೆ ಜಾರಿತು. ವಕೀಲಮ್ಮ ಬಾಯಿ ತೆರೆದು ಮುಚ್ಚಿದರು. ಅತ್ತೆಯ ಹಣೆಯಲ್ಲಿ ಬೆವರು ಮೂಡಿತು.

"ಇವತ್ತು ಚಳಿ" ಎಂದಳು.

"ಸಾಕಮ್ಮ, ಬಿಡಿ" ಎಂದರು ಅಧ್ಯಕ್ಷರು.

"ಆಯ್ತು ಸಾರ್, ಒಂದೇ ನಿಮಿಷ. ಆಗೇ ಹೋಯ್ತು."

ಆಗಲಿಲ್ಲ. ಕೊನೆಗೆ ಡಾಕ್ಟರಮ್ಮ ಮೇಜು ಸುತ್ತಿಕೊಂಡು ಬಂದು ಆ ಗುಂಡಿ ಹಾಕಿದರು. ಹಾಕುವಾಗ ಅತ್ತೆಯ ಅಂಗೈ ತಿರುಗಿಸಿ ಸುಟ್ಟ ಕಲೆ ನೋಡಿದರು. "ಉಪಕಾರ ಆಯ್ತಮ್ಮ. ನಾನೇ ಹಾಕ್ಕೋತಿದ್ದೆ" ಎಂದಳು ಅತ್ತೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ಹಾಗೆ.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿದ್ದಳು. ಇಳಿಯುವ ಮುಂಚೆ ಒಂದೇ ಮಾತು: "ಆ ತೂತು ಚಿಕ್ಕದಿತ್ತು." ಹೌದು ಎಂದೆ. ಆಮೇಲೆ ಎಷ್ಟೋ ದಿನ ಬೆಳಿಗ್ಗೆ ಬಾಗಿಲು ತೆಗೆದರೂ ನನ್ನೊಂದಿಗೆ ಮಾತಿಲ್ಲ. ಕೈ ಚಾಚುತ್ತಿದ್ದಳು, ನಾನು ಗುಂಡಿ ಹಾಕುತ್ತಿದ್ದೆ, ಗೋಡೆ ನೋಡುತ್ತಿದ್ದಳು.

ತೀರ್ಪು ಬಂತು. ಭತ್ಯೆ ಮಂಜೂರಾಗಿದೆ. ಮುಂದಿನ ವರ್ಷ ಮತ್ತೆ ತಪಾಸಣೆ ಉಂಟು, ನರ ಅಷ್ಟರಲ್ಲಿ ಮನಸ್ಸು ಬದಲಿಸಿರಬಹುದು ಎಂಬ ಅನುಮಾನ ಅವರಿಗೆ. ಕೋಣೆ ಉಳಿಯಿತು. ಅಪ್ಪ ಖುಷಿಯಿಂದ ಮೇಲೆ ಓಡಿದರು. ನಾನು ಕೆಳಗೇ ನಿಂತಿದ್ದೆ.

ಅತ್ತೆ ಈಗ ಈ ಕೇಸಿನ ಕಥೆ ಬೀದಿಗೆಲ್ಲ ಹೇಳುತ್ತಾಳೆ. ನಿನ್ನೆ ದಿನಸಿ ಅಂಗಡಿಯವರಿಗೆ ಹೇಳುವಾಗ ನಾನು ಹಿಂದೆಯೇ ಇದ್ದೆ. "ನನಗೇನೂ ಆಗಿಲ್ಲ ಕಣಪ್ಪಾ, ಕೈ ಸ್ವಲ್ಪ ಜೋಮು ಅಷ್ಟೇ. ಗೆಲ್ಸಿದ್ದು ನಮ್ಮ ಹುಡುಗಿ. ಬಾಯೇ ಬಿಡದವ್ಳು, ಅಷ್ಟು ಜನ ದೊಡ್ಡವ್ರ ಮುಂದೆ ನಿಂತು ಏನ್ ಸುಳ್ಳು ಹೇಳಿದ್ಳು ಅಂತೀಯ! ಒಂದಕ್ಷರ ತಡವರಿಸ್ಲಿಲ್ಲ. ನನಗೇ ನಿಜ ಅನ್ನಿಸ್ಬಿಡ್ತು."

ಅಂಗಡಿಯವರು ನನ್ನನ್ನು ಮೆಚ್ಚುಗೆಯಿಂದ ನೋಡಿದರು. ನಾನು ಚೀಲದ ಒಂದು ಕಿವಿ ಅತ್ತೆಯ ಎಡಗೈಗೆ ಕೊಟ್ಟು, ಇನ್ನೊಂದನ್ನು ಹಿಡಿದುಕೊಂಡೆ.

ಮುಂದಿನ ವರ್ಷದ ತಪಾಸಣೆಗೆ ಅವಳು ಒಳಗೆ ಹೋಗುವಾಗ ಬೇಡವೆಂದರೂ ನಾನೂ ಒಳಗೆ ಹೋಗುತ್ತೇನೆ. ನಾಳೆ ಬೆಳಿಗ್ಗೆ ಎಂದಿನಂತೆ ಮೇಲೆ ಹೋಗಿ ಸ್ನಾನದ ನೀರು ಮುಟ್ಟಿ ನೋಡುತ್ತೇನೆ.