ಐವತ್ತೈದು ದಾಟದ ಮುಳ್ಳು

ಬೆಳಗಿನ ಆರು ಗಂಟೆ. ಗೌರಿಬಿದನೂರಿನ ಪಕ್ಕದ ಕುಡುಮಲಕುಂಟೆ ಕೈಗಾರಿಕಾ ಪ್ರದೇಶದ ಸಣ್ಣದೊಂದು ಶೆಡ್ಡಿನಲ್ಲಿ ಅಮ್ಮಾಜಮ್ಮ ಡ್ರೈಯರಿನ ಬಾಗಿಲು ತೆಗೆದು, ಒಣಗಿದ ನುಗ್ಗೆಸೊಪ್ಪನ್ನು ಒಂದು ಚಿಟಿಕೆ ಉಜ್ಜಿ, ನೀರಿನ ಲೋಟಕ್ಕೆ ಹಾಕುತ್ತಾರೆ. ನೀರು ಹಸಿರಾದರೆ ಆ ಟ್ರೇ ಮುಂದಕ್ಕೆ, ಬಿಸಿ ಹೆಚ್ಚಾಗಿ ಕಂದು ಬಣ್ಣಕ್ಕೆ ತಿರುಗಿದರೆ ಪಕ್ಕಕ್ಕೆ. ಈ ಪರೀಕ್ಷೆಯನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ದಿನಕ್ಕೆ ನಲವತ್ತೆಂಟು ಟ್ರೇ. ನೂರು ಕಿಲೋ ಹಸಿ ಸೊಪ್ಪು ಒಣಗಿದರೆ ಇಪ್ಪತ್ತೆರಡು ಕಿಲೋ. ಶಾಖ ಐವತ್ತೈದು ಡಿಗ್ರಿ ಇದ್ದರೆ ಏಳು ಗಂಟೆ ಬೇಕು, ಎಪ್ಪತ್ತೈದಕ್ಕೆ ಏರಿಸಿದರೆ ಮೂರೇ ಗಂಟೆ ಸಾಕು. ಆ ನಾಲ್ಕು ಗಂಟೆಗಾಗಿಯೇ ಇಲ್ಲಿ ದಿನಾ ಜಗಳ.

ಮಂಚೇನಹಳ್ಳಿಯ ತವರಿನಿಂದ ಬರುವ ಅಮ್ಮಾಜಮ್ಮನಿಗೆ ಈಗ ಐವತ್ಮೂರು. ಏಳು ವರ್ಷದ ಹಿಂದೆ ಅವರಿದ್ದದ್ದು ಶಿಡ್ಲಘಟ್ಟದಲ್ಲಿ, ರೇಷ್ಮೆಗೂಡಿನಿಂದ ನೂಲು ತೆಗೆಯುವ ಬಿಚ್ಚಾಣಿಕೆ ಕೆಲಸಕ್ಕೆ. ಒಬ್ಬಳೇ ಮಗಳು ಭಾನುಪ್ರಿಯಾ ಏಳು ತಿಂಗಳ ಬಸುರಿ, ರಕ್ತ ಕಡಿಮೆ. ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆ ನುಂಗಿದರೆ ವಾಂತಿ. ನುಗ್ಗೆಸೊಪ್ಪಿನ ಪುಡಿ ಒಳ್ಳೆಯದೆಂದು ಯಾರೋ ಹೇಳಿದ್ದನ್ನು ಕೇಳಿ, ತಾಯಿ ಸೊಪ್ಪು ತಂದು ಕಾರ್ಖಾನೆಯ ಬಾಯ್ಲರ್ ಮೇಲಿನ ತಗಡಿನಲ್ಲಿ ಹರಡಿದರು. ಅವರ ಬಗ್ಗೆ ಬರೆಯಲು ಹೋದ ನನಗೆ ಅದನ್ನು ಅವರೇ ಹೇಳಿದರು.

"ಗೂಡು ಬಿಸಿ ತಿಂದಷ್ಟೂ ಒಳ್ಳೇದು ಸಾರ್, ಒಳಗಿನ ಹುಳ ಸಾಯ್ಬೇಕಲ್ಲ. ಸೊಪ್ಪಿಗೂ ಅದೇ ಲೆಕ್ಕ ಅಂದ್ಕೊಂಡೆ. ಒಂದು ಗಂಟೇಲಿ ಗರಿಗರಿ ಆಯ್ತು. ಎಷ್ಟು ಜಂಬ ನಂಗೆ! ಮಾತ್ರೆ ಬಿಟ್ಟಾಕು ಭಾನಮ್ಮ, ಇದೇ ಸಾಕು ಕಣೇ ಅಂದೆ."

ಮಗಳು ಅಮ್ಮನ ಮಾತು ಕೇಳಿದಳು. ಹೆರಿಗೆಯಲ್ಲಿ ಹೋದ ರಕ್ತವನ್ನು ಆ ಮೈ ತಡೆಯಲಿಲ್ಲ. ಮಗುವೂ ಉಳಿಯಲಿಲ್ಲ.

ಆಮೇಲೆ ಈ ಘಟಕಕ್ಕೆ ಸೇರಿದ ಮೊದಲ ವಾರ, ತರಬೇತಿ ಕೊಡಲು ಬಂದವರು ಸೊಪ್ಪಿನಲ್ಲಿರುವ ಕಬ್ಬಿಣಾಂಶ ಬಿಸಿಗೆ ಹೋಗುವುದಿಲ್ಲ, ಅದನ್ನು ಮೈಗೆ ಹತ್ತಿಸುವ ಸಿ ವಿಟಮಿನ್ ಹೋಗುತ್ತದೆ, ಎ ವಿಟಮಿನ್ನೂ ಸೊರಗುತ್ತದೆ ಎಂದು ವಿವರಿಸಿದರಂತೆ. ಎಲ್ಲರೂ ತಲೆಯಾಡಿಸಿದರು. ಅಮ್ಮಾಜಮ್ಮ ಅಂದು ಊಟದ ಡಬ್ಬಿ ಬಿಚ್ಚಲಿಲ್ಲ.

ಪುಡಿ ಚೆನ್ನಾಗಿದ್ದಿದ್ದರೂ ಅದು ಮಾತ್ರೆಯ ಜಾಗ ತುಂಬುತ್ತಿರಲಿಲ್ಲ, ಸಾವಿಗೆ ಅದೊಂದೇ ಕಾರಣವಲ್ಲ ಎಂದು ಡಾಕ್ಟರೂ ಹೇಳಿದ್ದಾರೆ. ನಾನೂ ಅದನ್ನೇ ಹೇಳಲು ಹೋಗಿ ಬಾಯಿ ಮುಚ್ಚಿಸಿಕೊಂಡೆ.

"ಮಾತ್ರೆ ಬಿಡು ಅಂದಿದ್ದು ಯಾರು? ನಾನು ತಾನೆ? ಸುಮ್ನಿರಿ ಸಾರ್."

 

ನಾನು ಹೋಗಿದ್ದ ದಿನವೂ ಮೇಲ್ವಿಚಾರಕ ರಮೇಶ್‌ಬಾಬು ಅವಸರದಲ್ಲಿದ್ದರು. ಬಸುರಿಯರಿಗೆ ಹಂಚುವ ಪುಡಿಯ ಆರ್ಡರ್, ಸಂಜೆಗೆ ಲೋಡ್ ಹೋಗಬೇಕು. ಕೆಟ್ಟವರೇನಲ್ಲ, ಅವರ ತಲೆಯ ಮೇಲೂ ಒಬ್ಬರಿದ್ದಾರೆ.

"ಅಮ್ಮಾಜಮ್ಮ, ಇವತ್ತೊಂದು ದಿನ ಎಪ್ಪತ್ತೈದಕ್ಕೆ ಇಡಮ್ಮ. ಯಾರಿಗೆ ಗೊತ್ತಾಗುತ್ತೆ?"

"ಗೊತ್ತಾಗಲ್ಲ ಸಾರ್. ನಂಗೂ ಆವಾಗ ಗೊತ್ತಾಗ್ಲಿಲ್ಲ."

ರಮೇಶ್‌ಬಾಬು ಮುಖ ಗಂಟಿಕ್ಕಿದರು. ಹೀಗೇ ಹಟ ಮಾಡಿದರೆ ನಾಳೆಯಿಂದ ಪ್ಯಾಕಿಂಗಿಗೆ ಹಾಕುವುದಾಗಿ ಹೇಳಿ, ಫೋನ್ ಬಂತೆಂದು ಹೊರಗೆ ಹೋದರು. ಅಮ್ಮಾಜಮ್ಮ ಹಸಿ ಸೊಪ್ಪಿನ ಟ್ರೇಗಳನ್ನು ಒಂದೊಂದಾಗಿ ಒಳಗೆ ತಳ್ಳಿ, ಬಾಗಿಲು ಹಾಕಿ, ಗುಂಡಿ ತಿರುಗಿಸಿದರು. ಶಾಖ ತೋರಿಸುವ ಮುಳ್ಳು ನಿಧಾನಕ್ಕೆ ಏರಿ ಐವತ್ತೈದಕ್ಕೆ ನಿಂತಿತು.

ನಿಮಗೇನು ಆಸೆ ಎಂದು ಹೊರಡುವಾಗ ಕೇಳಿದೆ. ಸೆರಗಿನಿಂದ ಆ ಮುಳ್ಳಿನ ಮೇಲಿನ ಗಾಜು ಒರೆಸುತ್ತಿದ್ದವರು ತಿರುಗಲಿಲ್ಲ.

"ಪ್ಯಾಕಿಂಗ್‌ಗೆ ಹಾಕಿದ್ರೂ ಹೋಗ್ತೀನಿ, ಕಸ ಗುಡಿಸು ಅಂದ್ರೂ ಗುಡಿಸ್ತೀನಿ. ನನ್ನ ಜಾಗಕ್ಕೆ ಬರೋರಿಗೆ ಮಾತ್ರ ಒಂದು ಮಾತು ಹೇಳಿಹೋಗಕ್ಕೆ ಬಿಟ್ರೆ ಸಾಕು. ಇದನ್ನ ತಿನ್ನೋಳು ಯಾರೋ ಅಮ್ಮನ ಮಾತು ನಂಬ್ಕೊಂಡು ತಿಂತಾಳೆ ಅಂತ."